ಅನಂತರಾಜು ತುಳಿಯದ ಹೊಸ್ತಿಲು

ಗಂಗಾನಗರದ ಆ ರಸ್ತೆಯಲ್ಲಿ ಅನಂತರಾಜು ಜೊತೆ ಜಗಳ ಆಡದವರು ಯಾರಾದರೂ ಇದ್ದರೆ, ಅವರು ಮೊನ್ನೆ ಮೊನ್ನೆ ಬಾಡಿಗೆಗೆ ಬಂದವರು ಅಂತ ತಿಳಿದುಕೊಳ್ಳಬೇಕು. ಹಾಲಿನವನು, ನೀರಿನ ಟ್ಯಾಂಕರಿನವನು, ಎದುರುಮನೆಯ ನಾಯಿ, ಆ ನಾಯಿಯ ಯಜಮಾನ, ಯಾರನ್ನೂ ಅವನು ಬಿಟ್ಟವನಲ್ಲ. ಆಳು ಕುಳ್ಳ, ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲಿ. ಬಾಗಲೂರು ಪಕ್ಕದ ಹಳ್ಳಿಯ ಒಕ್ಕಲು ಮನೆತನದವನು. ಪಾಲಿಗೆ ಬಂದ ಜಮೀನು ಬಡಾವಣೆಯಾದ ಮೇಲೆ ಗಂಗಾನಗರದಲ್ಲಿ ಮನೆ ಕಟ್ಟಿಸಿ, ಕೆಳಗಿನ ಅಂತಸ್ತುಗಳನ್ನು ಬಾಡಿಗೆಗೆ ಬಿಟ್ಟು, ಮೇಲಿನದರಲ್ಲಿ ಹೆಂಡತಿ ಧನಲಕ್ಷ್ಮಿಯ ಜೊತೆ ಇದ್ದಾನೆ. ದುಡಿಯುವ ಅಗತ್ಯ ಇಲ್ಲದವನಿಗೆ ಸಿಟ್ಟು ಮಾಡಿಕೊಳ್ಳುವುದಕ್ಕೆ ಬಿಡುವು ಜಾಸ್ತಿ.

ಐವತ್ತು ದಾಟಿದ ಮೇಲೆ ಅವನಿಗೆ ಮರಗೆಲಸದ ಹುಚ್ಚು ಹಿಡಿಯಿತು. ಡಾಕ್ಟರು ಬಿಪಿ ನೋಡಿ, "ಕೈಗೆ ಏನಾದ್ರೂ ಕೆಲಸ ಕೊಡಿ, ಬಾಯಿಗಲ್ಲ" ಅಂದದ್ದೇ ನೆಪ. ತಾರಸಿಯ ಮೇಲೆ ಶೀಟು ಹಾಕಿಸಿ, ಕೆಲಸದ ಮೇಜು ಮಾಡಿಸಿ, ಉಳಿ, ಗರಗಸ, ಕೀಸುಳಿ ಎಲ್ಲ ತಂದು ಜೋಡಿಸಿದ. ಬಿಪಿ ಇಳಿಯಲಿಲ್ಲ. ಬೈಯುವುದಕ್ಕೆ ಮನುಷ್ಯರ ಜೊತೆಗೆ ಮರವೂ ಸಿಕ್ಕಿತು, ಅಷ್ಟೆ. ಆದರೂ ನಿಜ ಹೇಳಬೇಕು, ಕೈ ಮಾತ್ರ ಚೆನ್ನಾಗಿ ಕೂತಿತು. ಆರ್.ಟಿ. ನಗರದ ಸುತ್ತಮುತ್ತಲಿನ ಇಂಥ ಹವ್ಯಾಸಿಗಳು ಸೇರಿ ಒಂದು ಬಳಗ ಕಟ್ಟಿಕೊಂಡಾಗ ಇವನನ್ನೂ ಸೇರಿಸಿಕೊಂಡರು. ಆ ತಪ್ಪಿಗೆ ಅವರು ಇವತ್ತಿಗೂ ಬೈಸಿಕೊಳ್ಳುತ್ತಿದ್ದಾರೆ.

ಬಳಗದವರೆಲ್ಲ ಮೆಚ್ಚಿಕೊಂಡಿದ್ದು ಅವನ ಒಂದು ಸ್ಟೂಲನ್ನು. ಯಶವಂತಪುರದಲ್ಲಿ ಹಳೇ ಮನೆಗಳ ಬಾಗಿಲು ಕಿಟಕಿ ಮಾರುವ ಅಬ್ರಾರ್‌ನ ಅಂಗಡಿಯಲ್ಲಿ, ಹಳದಿ ಪೇಂಟು ಬಳಿದ ಒಂದು ದಪ್ಪ ಹಲಗೆ ಮೂಲೆಯಲ್ಲಿ ಬಿದ್ದಿತ್ತು. ಯಾರದೋ ಮನೆಯ ಹೊಸ್ತಿಲು, ಉದ್ದದಲ್ಲಿ ಅರ್ಧ ಕೊಯ್ದು ಹಾಕಿದ್ದರು. ಉಗುರಿನಿಂದ ಕೆರೆದು ನೋಡಿದರೆ ಒಳಗೆ ಹೊನ್ನೆ ಮರ. ಮನೆಗೆ ತಂದ ದಿನವೇ ಧನಲಕ್ಷ್ಮಿ ತಕರಾರು ತೆಗೆದಳು.

"ಏನ್ರೀ ಇದು, ಯಾರ ಮನೆ ಹೊಸ್ತಿಲೋ ಏನೋ. ಇದ್ರಲ್ಲಿ ಸ್ಟೂಲ್ ಮಾಡಿ ಮೇಲೆ ಹತ್ತಿ ನಿಂತ್ಕೋತೀರಾ? ಹೊಸ್ತಿಲು ತುಳೀಬಾರ್ದು."

"ಮನೆಯಿಂದ ಕಿತ್ತ ಮೇಲೆ ಎಂಥ ಹೊಸ್ತಿಲೇ? ಬರೀ ಹಲಗೆ. ನಿನಗೆ ಭಯ ಆದ್ರೆ ಕೈ ಮುಗಿ, ನನಗೆ ಕೀಸುಳಿ ಹೊಡೆಯೋಕೆ ಬಿಡು" ಅಂತ ಅವಳ ಬಾಯಿ ಮುಚ್ಚಿಸಿದ.

ಪೇಂಟು ಕೆರೆಯುತ್ತಾ ಹೋದಾಗ ನಡುಮಧ್ಯೆ ಓರೆಯಾಗಿ ಒಂದು ಆಳವಾದ ಕಚ್ಚು ಸಿಕ್ಕಿತು. ಅದರ ತುಂಬ ಯಾರೋ ಅರಗು ಕರಗಿಸಿ ಸುರಿದಿದ್ದರು. ಒಂದು ಪದರ ತೆಗೆದರೆ ಅದರಡಿ ಇನ್ನೊಂದು, ವರ್ಷ ವರ್ಷವೂ ತುಂಬಿದ ಹಾಗಿತ್ತು. ಅನಂತರಾಜು ಎರಡು ದಿನ ಉಳಿಯ ಮೊನೆಯಿಂದ ಆ ಅರಗನ್ನೆಲ್ಲ ಕೆದಕಿ ಕಸಕ್ಕೆ ಹಾಕಿದ. ಕಚ್ಚು ಮುಂದೆ ಸೀಳದ ಹಾಗೆ ಡಮರುಗದ ಆಕಾರದ ಬೀಟೆ ಮರದ ತುಂಡನ್ನು ಕೂರಿಸಿದ. ಕೆಂಪು ಹೊನ್ನೆಯ ನಡುವೆ ಕಪ್ಪು ಡಮರುಗ ಎದ್ದು ಕಾಣುತ್ತಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿ, "ಯಾವನೋ ತಲೆಕೆಟ್ಟ ನನ್ಮಗ ಇಂಥ ಮರಕ್ಕೆ ಏಟು ಹಾಕವ್ನೆ ನೋಡ್ರೀ. ಅವನ ಕೈ ಮುರಿದುಹೋಗ!" ಅನ್ನುವನು. ಬಂದವರು ನಗುವರು. ಆಮೇಲೆ ಅವನು ಅದೇ ಸ್ಟೂಲು ಹತ್ತಿ ಅಟ್ಟದ ಮೇಲಿನ ಸಾಮಾನು ತೆಗೆಯುವನು. ಕುಳ್ಳನಿಗೆ ಅದಿಲ್ಲದೆ ದಿನ ಸಾಗುತ್ತಿರಲಿಲ್ಲ.

ಹಾಲಿನವನ ಮೇಲಿನ ಸಿಟ್ಟು, ನಾಯಿಯ ಮೇಲಿನ ಸಿಟ್ಟು ಎಲ್ಲ ಚಿಲ್ಲರೆ. ಅವನ ಬದುಕಿನಲ್ಲಿ ನಿಜವಾದ ಹಗೆ ಒಂದೇ, ಅದು ದೊಡ್ಡಪ್ಪನ ಮಗ ಲಕ್ಕಣ್ಣನ ಮೇಲಿನದು. ಅನಂತರಾಜು ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ಅವನನ್ನು ಸಾಕಿದವಳು ಲಕ್ಕಣ್ಣನ ತಾಯಿ, ದೊಡ್ಡಮ್ಮ ಸೊಣ್ಣಮ್ಮ. ಒಂದೇ ತಟ್ಟೆಯಲ್ಲಿ ಮುದ್ದೆ ಇಟ್ಟು ಇಬ್ಬರಿಗೂ ಮುರಿದುಕೊಟ್ಟು ಬೆಳೆಸಿದಳು. ದೊಡ್ಡವರಾದ ಮೇಲೆ ಪಾಲಾಯಿತು. ರಸ್ತೆ ಪಕ್ಕದ ಹೊಲವೂ ಹಳೇ ಮನೆಯೂ ಹಿರಿಯನಾದ ಲಕ್ಕಣ್ಣನಿಗೆ, ಕೆರೆ ಕೆಳಗಿನ ಜೌಗು ಕಿರಿಯನಿಗೆ ಅಂತ ಊರಿನ ಹಿರಿಯರು ತೀರ್ಮಾನ ಮಾಡಿದರು. ತೋಟದಿಂದ ನೇರ ಮನೆಬಾಗಿಲಿಗೆ ಬಂದ ಅನಂತರಾಜುವಿಗೆ ಲಕ್ಕಣ್ಣ ಅಡ್ಡ ನಿಂತು, "ಇಷ್ಟ ಇದ್ರೆ ತಗಾ, ಇಲ್ದಿದ್ರೆ ಓಗ್ತಾ ಇರು" ಅಂದ. ಅನಂತರಾಜು ಕೈಯಲ್ಲಿದ್ದುದನ್ನು ಹೊಸ್ತಿಲಿಗೆ ಬಡಿದು, "ಇನ್ನು ಈ ಹೊಸ್ಲು ತುಳಿದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದೋನೇ ಅಲ್ಲ" ಅಂತ ಊರಿಗೆಲ್ಲ ಕೇಳುವ ಹಾಗೆ ಆಣೆ ಹಾಕಿದ. ಏಟು ಎಲ್ಲಿಗೆ ಬಿತ್ತು ಅಂತ ಕೂಡ ತಿರುಗಿ ನೋಡದೆ ಹೊರಟುಬಂದ.

ಆಣೆ ಹಾಕುವುದು ಸುಲಭ. ಅದನ್ನು ಉಳಿಸಿಕೊಳ್ಳುವುದಕ್ಕೆ ಕಲ್ಲಿನಂಥ ಎದೆ ಬೇಕು, ಅನಂತರಾಜುವಿಗೆ ಅದಿತ್ತು. ದೊಡ್ಡಮ್ಮ ಹಾಸಿಗೆ ಹಿಡಿದು, "ಅನಂತ ಬಂದ್ನಾ? ಅನಂತ ಬಂದ್ನಾ?" ಅಂತ ಕನವರಿಸುತ್ತಿದ್ದಾಳೆ ಅಂತ ಸುದ್ದಿ ಬಂದಾಗ ಅವನು ಊರಿಗೆ ಹೋದ. ಅಂಗಳದವರೆಗೂ ಹೋಗಿ, ಬಾಗಿಲಿಗೆ ಬೆನ್ನು ಹಾಕಿ ಅಲ್ಲೇ ನಿಂತ. "ಹೊರಗೆ ಕರ್ಕೊಂಡು ಬನ್ನಿ, ನೋಡ್ತೀನಿ" ಅಂದ. ಜೀವ ಹೋಗುತ್ತಿರುವ ಮುದುಕಿಯನ್ನು ಯಾರು ಹೊರಗೆ ಎತ್ತಿಕೊಂಡು ಬರುತ್ತಾರೆ? ಎಲ್ಲರೂ ಅವಳ ಬಾಯಿಗೆ ನೀರು ಬಿಟ್ಟರು, ಇವನೊಬ್ಬ ಬಿಡಲಿಲ್ಲ. ಅವಳು ಹೊರಗೆ ಬಂದದ್ದು ಚಟ್ಟದ ಮೇಲೆಯೇ. ಅವತ್ತು ವಾಪಸು ಬರುವಾಗ ಹೆಬ್ಬಾಳದ ಫ್ಲೈಓವರಿನ ಮೇಲೆ ಕಾರು ನಿಲ್ಲಿಸಿಕೊಂಡು ಅವನು ಗೊಳೋ ಅಂತ ಅತ್ತಿದ್ದು ಧನಲಕ್ಷ್ಮಿಗೆ ಮಾತ್ರ ಗೊತ್ತು. ಹಿಂದಿನ ಗಾಡಿಯವನು ಹಾರ್ನ್ ಹೊಡೆದಾಗ ಕಣ್ಣೊರೆಸಿಕೊಂಡು ಇಳಿದು ಅವನ ಜೊತೆ ಜಗಳಕ್ಕೂ ನಿಂತ. ಆದರೂ ಆಣೆ ಉಳಿಯಿತು ಅನ್ನುವ ಒಂದು ಹೆಮ್ಮೆ ಅವನಲ್ಲಿ ಉಳಿದುಕೊಂಡಿತು. ಅದೊಂದನ್ನು ಕಿತ್ತುಕೊಂಡರೆ ದೊಡ್ಡಮ್ಮನಿಗೆ ಮಾಡಿದ್ದಕ್ಕೆ ಅವನ ಹತ್ತಿರ ಬೇರೆ ಸಮಾಧಾನ ಇರಲಿಲ್ಲ.

ಇಂಥವನ ತಾರಸಿಯಲ್ಲಿ ಬಳಗದವರು ಒಂದು ಭಾನುವಾರ ಪ್ರವಾಸದ ಮಾತೆತ್ತಿದರು. ಮರಗೆಲಸದವರು ನೋಡಬೇಕಾದ ಜಾಗಗಳನ್ನು ಒಂದೇ ದಿನದಲ್ಲಿ ಸುತ್ತಿ ಬರುವುದು, ಬೆಳಗ್ಗೆ ಹೊರಟು ಸಂಜೆಗೆ ಮನೆ. ಯೋಜನೆ ಹಾಕುವ ಕೆಲಸವನ್ನು ಅನಂತರಾಜು ತಾನಾಗಿಯೇ ಎಳೆದುಕೊಂಡ. ಬೇರೆಯವರು ಮಾಡಿದರೆ ಅದರಲ್ಲಿ ತಪ್ಪು ಹುಡುಕುವ ಶ್ರಮ ಬೇರೆ. ಗೋಡೆಗೆ ಒಂದು ಪ್ಲೈವುಡ್ ಶೀಟು ಹೊಡೆದು, ಸ್ಟೂಲು ಹತ್ತಿ ನಿಂತು ಸೀಮೆಸುಣ್ಣದಲ್ಲಿ ಬರೆಯತೊಡಗಿದ. ಮೊದಲು ಯಶವಂತಪುರದ ಸಾಮಿಲ್, ದಿಮ್ಮಿ ಕೊಯ್ಯುವುದನ್ನು ನೋಡಬೇಕು. ಆಮೇಲೆ ಅಲ್ಲೇ ಅಬ್ರಾರ್‌ನ ಅಂಗಡಿ. ಅಲ್ಲಿಂದ ಯಲಹಂಕಕ್ಕೆ, ಹಲಸಿನ ಮರದಲ್ಲಿ ವೀಣೆ ಕೊರೆಯುವವರ ಮನೆ.

"ಫರ್ನಿಚರ್ ಶೋರೂಮ್ ಒಂದು ಹಾಕಿ" ಅಂದ ಮನೋಹರ್. ಬ್ಯಾಂಕಿನಿಂದ ರಿಟೈರ್ ಆದ ಮನುಷ್ಯ, ಅನಂತರಾಜುವಿಗೆ ಎದುರು ಮಾತಾಡುವ ಧೈರ್ಯ ಬಳಗದಲ್ಲಿ ಇದ್ದದ್ದು ಅವನೊಬ್ಬನಿಗೇ.

"ಸೋಫಾ ಮೇಲೆ ಕೂತು ಎಸಿ ತಗೊಳ್ಳೋಕಾ? ನಿಮ್ಮ ಮನೇಲೇ ಕೂತ್ಕೊಳ್ಳಿ, ವ್ಯಾನಲ್ಲಿ ಜಾಗ ಉಳಿಯುತ್ತೆ."

ಮನೋಹರ್ ಅದನ್ನು ನುಂಗಿಕೊಂಡು ಫೋನು ತೆಗೆದ. "ಸರಿ, ಇದನ್ನಾದ್ರೂ ಹಾಕ್ತೀರಾ? ಬಾಗಲೂರು ಹತ್ರ ಒಂದು ಮನೆ ಬಾಗಿಲು. ಯಾರೋ ವಿಡಿಯೋ ಹಾಕಿದಾರೆ. ಏನ್ ಕೆತ್ತನೆ ಕಣ್ರೀ!"

ಫೋನು ಕೈಯಿಂದ ಕೈಗೆ ಹೋಗಿ ಅನಂತರಾಜುವಿನ ಹತ್ತಿರ ಬಂತು. ಹೊಸ ಮನೆ, ಟೈಲ್ಸ್ ಹಾಕಿದ ಗೋಡೆ, ಅದರ ನಡುವೆ ತಾನು ಹುಟ್ಟಿ ಬೆಳೆದ ಮನೆಯ ಬಾಗಿಲು. ಮೇಲೆ ಗಜಲಕ್ಷ್ಮಿ, ಪಕ್ಕದಲ್ಲಿ ಬಳ್ಳಿ, ಬಳ್ಳಿಯ ತುದಿಗೆ ಗಿಳಿ. ಚಿಕ್ಕಂದಿನಲ್ಲಿ ಆ ಗಿಳಿಯ ಕೊಕ್ಕಿಗೆ ಬೆಲ್ಲ ಮೆತ್ತಿ ದೊಡ್ಡಮ್ಮನ ಕೈಯಲ್ಲಿ ಏಟು ತಿಂದದ್ದು ನೆನಪಾಯಿತು. ಹಿಂದೆಯೇ ಹೊಟ್ಟೆ ಉರಿಯಿತು. ಹಳೇ ಮನೆ ಕೆಡವಿದ್ದನ್ನು ಲಕ್ಕಣ್ಣ ತನಗೆ ಒಂದು ಮಾತು ಕೂಡ ತಿಳಿಸಿರಲಿಲ್ಲ.

"ಗೆದ್ದಲು ತಿಂದ ಬಾಗಿಲು. ಏನಿದೆ ಅದ್ರಲ್ಲಿ?" ಅಂತ ಫೋನು ವಾಪಸು ಕೊಟ್ಟ.

"ಎಲ್ಲಿ ಸಾರ್ ಗೆದ್ದಲು? ಫಳಫಳ ಅಂತಿದೆ" ಅಂದಳು ರಮ್ಯ. ಆರ್.ಟಿ. ನಗರದ ಶಾಲೆಯೊಂದರಲ್ಲಿ ಟೀಚರು, ಮರದ ಸೌಟು ಕೆತ್ತುವುದರಲ್ಲಿ ನಿಪುಣೆ. "ನಿಮ್ಮೂರ ಕಡೇನೇ ಅಲ್ವಾ? ಗೊತ್ತಿರೋರಾ?"

ಆಗ ಹೇಳಲೇಬೇಕಾಯಿತು. ಪಾಲು, ಆಣೆ, ಎಲ್ಲ ಹೇಳಿದ, ದೊಡ್ಡಮ್ಮನ ವಿಷಯ ಒಂದನ್ನು ಬಿಟ್ಟು. ಬಳಗದವರಿಗೆ ಬಾಗಿಲು ನೋಡುವ ಆಸೆ ಇನ್ನಷ್ಟು ಜಾಸ್ತಿಯಾಯಿತು. ಕೈ ಎತ್ತಿಸಿ ನೋಡಿದರೆ ಬೇಡ ಅಂದವನು ಇವನೊಬ್ಬನೇ. ಅನಂತರಾಜು ಹಲ್ಲು ಕಡಿದು ಯೋಚಿಸಿದ. ತಾನು ವ್ಯಾನಿನ ತುಂಬ ಜನ ಕರೆದುಕೊಂಡು, ಯಜಮಾನನ ಹಾಗೆ ಹೋಗಿ ಅಂಗಳದಲ್ಲಿ ನಿಂತು, ಒಳಗೆ ಹೆಜ್ಜೆ ಇಡದೆ ವಾಪಸು ಬಂದರೆ? ಇಷ್ಟು ವರ್ಷವಾದರೂ ಆಣೆ ಗಟ್ಟಿಯಾಗಿದೆ ಅಂತ ಲಕ್ಕಣ್ಣ ತನ್ನ ಕಣ್ಣಾರೆ ನೋಡಿದ ಹಾಗೂ ಆಗುತ್ತದೆ. ಆ ಯೋಚನೆ ಅವನಿಗೆ ಬಹಳ ರುಚಿಸಿತು.

"ಆಯ್ತು. ಕೊನೇ ಜಾಗ ಅದೇ. ನೋಡಿದ ತಕ್ಷಣ ಹೊರಡಬೇಕು, ಅಲ್ಲಿ ಕಾಫಿ ಗೀಫಿ ಅಂತ ಯಾರೂ ಕೂರಬಾರದು" ಅಂತ ಪ್ಲೈವುಡ್ಡಿನ ಕೆಳತುದಿಯಲ್ಲಿ ಬರೆದ. ಆಮೇಲೆ ಸ್ಟೂಲಿನ ಮೇಲಿನಿಂದಲೇ ಎಲ್ಲರ ಕಡೆ ತಿರುಗಿ ಬೆರಳು ಅಲ್ಲಾಡಿಸಿ ಹೇಳಿದ: "ನೀವು ಒಳಗೆ ಹೋಗಿ, ಹೊರಗೆ ಬನ್ನಿ, ನಿಮ್ಮಿಷ್ಟ. ನಾನು ಮಾತ್ರ ಆ ಹೊಸ್ತಿಲು ತುಳಿಯಲ್ಲ."

ಹೊರಡುವ ದಿನ ಬೆಳಗ್ಗೆ ವ್ಯಾನು ಬಂದು ಹಾರ್ನ್ ಹಾಕಿದಾಗ ಅವನ ಅಳತೆ ಟೇಪು ಅಟ್ಟದ ಮೇಲಿತ್ತು. ಚಪ್ಪಲಿ ಹಾಕಿಕೊಂಡೇ ಸ್ಟೂಲು ಹತ್ತಿ ಟೇಪು ತೆಗೆದುಕೊಂಡು, ಡ್ರೈವರಿಗೆ ಬೈಯುತ್ತಾ ಇಳಿದು ಹೋದ.

ಸಾಮಿಲ್‌ನಲ್ಲಿ ದಿಮ್ಮಿ ಕೊಯ್ಯುವುದನ್ನು ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಅಷ್ಟು ಸದ್ದಿನಲ್ಲೂ ಅನಂತರಾಜು ಹತ್ತಿರ ಹೋಗಬೇಡಿ, ದೂರ ನಿಲ್ಲಬೇಡಿ ಅಂತ ಕೂಗಾಡುತ್ತಲೇ ಇದ್ದ. ಅಬ್ರಾರ್ ಇವನನ್ನು ಕಂಡವನೇ ಕುರ್ಚಿ ಎಳೆದು ಹಾಕಿದ.

"ಬನ್ನಿ ಸಾಬ್. ಆ ಹಳದಿ ಹಲಗೆ ಏನ್ ಮಾಡಿದ್ರಿ?"

ಅನಂತರಾಜು ಉಬ್ಬಿಹೋಗಿ ಫೋನಿನಲ್ಲಿದ್ದ ಸ್ಟೂಲಿನ ಫೋಟೋ ತೋರಿಸಿದ. ಕಚ್ಚು, ಅರಗು, ತಲೆಕೆಟ್ಟ ನನ್ಮಗ, ಎಲ್ಲ ಕಥೆ ಇನ್ನೊಂದು ಸಲ ಆಯಿತು. ರಮ್ಯ ಆ ಫೋಟೋವನ್ನು ತನ್ನ ಫೋನಿಗೂ ಕಳಿಸಿಕೊಂಡಳು.

"ಯಲಹಂಕ ಆಚೆ ಕಡೆಯಿಂದ ಬಂದ ಲೋಡು ಸಾಬ್. ಬಾಗಿಲು ಕೊಡಿ ಅಂದ್ರೆ ಅದು ಕೊಡಲಿಲ್ಲ, ಇದು ಮಾತ್ರ ತಗೊಂಡ್ ಹೋಗು ಅಂದ್ರು" ಅಂತ ಅಬ್ರಾರ್ ಹೇಳುತ್ತಿದ್ದ. ಅನಂತರಾಜು ಆಗಲೇ ಇನ್ನೊಂದು ಕಂಬಕ್ಕೆ ಉಗುರು ಹಾಕಿ ಕೆರೆಯುತ್ತಿದ್ದ. ಅವನ ನೆನಪಿನ ಹೊಸ್ತಿಲು ಎಣ್ಣೆ ಕುಡಿದು ಕಪ್ಪಾದದ್ದು, ಎತ್ತರದ್ದು, ಇವತ್ತಿಗೂ ಲಕ್ಕಣ್ಣನ ಮನೆಯ ಬಾಗಿಲಡಿ ಭದ್ರವಾಗಿ ಕೂತಿರುವಂಥದು. ಹಳದಿ ಹಲಗೆಗೂ ಅದಕ್ಕೂ ಸಂಬಂಧ ಇರಬಹುದು ಅನ್ನುವುದು ಅವನ ಕನಸಿನಲ್ಲೂ ಸುಳಿಯಲಿಲ್ಲ.

ವೀಣೆ ಮಾಡುವವರ ಮನೆಯಲ್ಲಿ ಊಟದ ಹೊತ್ತಾಯಿತು. ಬಾಗಲೂರಿನ ರಸ್ತೆ ಹಿಡಿದ ಮೇಲೆ ಅನಂತರಾಜುವಿನ ಮಾತು ನಿಂತಿತು. ವ್ಯಾನಿನಲ್ಲಿದ್ದವರಿಗೆ ಅದೇ ದೊಡ್ಡ ಆರಾಮವಾಗಿತ್ತು.

ಲಕ್ಕಣ್ಣ ಬಿಳೀ ಪಂಚೆ ಉಟ್ಟು ಪೋರ್ಟಿಕೋದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬನ್ನಿ ಬನ್ನಿ, ಒಳಗ್ ಬನ್ನಿ" ಅಂತ ಎಲ್ಲರಿಗೂ ಕೈ ಮುಗಿದ, ಅನಂತರಾಜು ಒಬ್ಬನನ್ನು ಬಿಟ್ಟು. ಅನಂತರಾಜುವೂ ಅವನನ್ನು ನೋಡದ ಹಾಗೆ ಅಂಗಳದ ನಡುವೆ ಎದೆ ಸೆಟೆದು ನಿಂತ. ಬಳಗದವರು ಗಿಳಿಯ ಕೊಕ್ಕು ಮುಟ್ಟಿ, ಬಳ್ಳಿಯ ಸುತ್ತು ಸವರಿ, ಫೋಟೋ ಹೊಡೆಯುತ್ತಿದ್ದರು. ಅವನ ಕಣ್ಣು ಬಾಗಿಲಿನ ಮೇಲಿನಿಂದ ಮೆಲ್ಲಗೆ ಕೆಳಗಿಳಿಯಿತು. ಕೆಳಗೆ ಹೊಸ್ತಿಲಿನ ಜಾಗದಲ್ಲಿ ಒಂದು ಕರೀ ಗ್ರಾನೈಟ್ ಪಟ್ಟಿ ಇತ್ತು.

ಅವನ ಮೈ ಉರಿದುಹೋಯಿತು. ಇಷ್ಟು ವರ್ಷ ಲಕ್ಕಣ್ಣನ ಜೊತೆ ಮಾತಾಡದ ಬಾಯಿ ತನ್ನಷ್ಟಕ್ಕೇ ತೆರೆಯಿತು.

"ಎಲ್ಲೋ ಹೊಸ್ಲು? ಏಯ್ ಲಕ್ಕಣ್ಣ! ನಮ್ಮ ತಾತನ ಕಾಲದ ಹೊಸ್ಲು ಎಲ್ಲೋ? ದೊಡ್ಡಮ್ಮ ದಿನಾ ಅರಿಶಿನ ಹಚ್ಚುತಿದ್ದ ಹೊಸ್ಲು ಮಾರ್ಕೊಂಡು ತಿಂದ್ಯಾ?"

ಒಳಗಿದ್ದವರೆಲ್ಲ ಗಕ್ಕನೆ ತಿರುಗಿದರು. ಲಕ್ಕಣ್ಣ ನಿಧಾನಕ್ಕೆ ಎದ್ದು ಬಾಗಿಲಿಗೆ ಬಂದು ನಿಂತ. ಪಾಲಾದ ದಿನ ನಿಂತ ಜಾಗದಲ್ಲೇ ನಿಂತ.

"ಮಾರ್ದೆ. ಏನೀಗ? ಬಾಗ್ಲು ಉಳಿಸ್ಕಂಡೆ, ಒಸ್ಲು ಉಳಿಸ್ಕಳಾಕೆ ಆಗ್ಲಿಲ್ಲ. ಬಿರುಕು ಬಿಟ್ಟ ಒಸ್ಲು ಒಸ ಮನೆಗೆ ಇಡಬಾರ್ದು ಅಂದ್ರು ಅಯ್ನೋರು. ಬಿರುಕು ಬಿಡಿಸಿದ್ದು ಯಾರಪ್ಪ? ಎಳನೀರು ಕೆತ್ತೋ ಮಚ್ಚು ತಂದು ಏಟು ಆಕಿ ಓದೋನು ಯಾರು? ನಾನಾ?"

ಅನಂತರಾಜುವಿನ ಕಣ್ಣು ಮತ್ತೆ ಆ ಗ್ರಾನೈಟ್ ಪಟ್ಟಿಯ ಮೇಲೆ ಬಿತ್ತು.

"ನೀನು ತಿರುಗಿ ಕೂಡ ನೋಡ್ಲಿಲ್ಲ. ನಮ್ಮವ್ವ ಸಾಯೋಗಂಟ ವರ್ಸ ವರ್ಸ ಅದುಕ್ಕೆ ಅರಗು ಕಾಯ್ಸಿ ತುಂಬ್ತಿದ್ಲು. ಮೇಲೆ ಅಳದಿ ಪೇಂಟು ಬಳಿಯೋಳು. ಯಾಕವ್ವ ಅಂದ್ರೆ, ಬಂದೋರು ಕಾಣ್ಬಾರ್ದು ಕಣೋ, ಅನಂತನ ಏಟು ಅಂತ ಆಡ್ಕೊಂಡಾರು ಅನ್ನೋಳು. ಕೊನೆಗೆ ಯಸವಂತಪುರದಿಂದ ಒಬ್ಬ ಸಾಬಿ ಬಂದಿದ್ದ, ಅವನಿಗೆ ಕೊಟ್ಟು ಕಳುಸ್ದೆ."

ರಮ್ಯ ಫೋನು ಹಿಡಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡಳು. ಮನೋಹರ್‌ಗೆ ಅಷ್ಟು ಕರುಣೆ ಎಲ್ಲಿಂದ ಬರಬೇಕು?

"ಅರಗು, ಹಳದಿ ಪೇಂಟು, ಓರೆ ಏಟು" ಅಂದ ಅವನು. "ಅನಂತರಾಜು, ಅದು ನಿಮ್ಮ ಸ್ಟೂಲು ಕಣ್ರೀ."

"ಯಾವ ಸ್ಟೂಲು?" ಅಂದ ಲಕ್ಕಣ್ಣ.

ಮನೋಹರ್ ರಮ್ಯಳ ಕೈಯಿಂದ ಫೋನು ತೆಗೆದುಕೊಂಡು ಲಕ್ಕಣ್ಣನ ಮುಂದೆ ಹಿಡಿದ. ಲಕ್ಕಣ್ಣ ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಬೆರಳಿಟ್ಟು ಕಪ್ಪು ಡಮರುಗವನ್ನು ತೋರಿಸಿದ. "ಇಲ್ಲೇ. ಇಲ್ಲೇ ಇತ್ತು ಕಚ್ಚು. ಇದ್ರ ಮೇಲೆ ಕುಂತ್ಕತೀಯಾ?"

"ಕೂತ್ಕೊಳ್ಳಲ್ಲ. ಅಟ್ಟದ ಸಾಮಾನು ತೆಗೆಯೋಕೆ ಹತ್ತಿ ನಿಂತ್ಕೋತಾರೆ" ಅಂದ ಮನೋಹರ್.

ಲಕ್ಕಣ್ಣ ನಕ್ಕ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನಗುವಿನಲ್ಲಿ ಒಂದು ಚೂರೂ ಸಂತೋಷ ಇರಲಿಲ್ಲ. ಕೊನೆಗೆ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ.

"ಅಂಗಾದ್ರೆ ದಿನಾ ತುಳೀತಿದ್ದೀಯ ಅನ್ನು. ಸಾಯೋವಾಗ ನಮ್ಮವ್ವ ಕರುದ್ರೆ ತುಳೀಲಿಲ್ಲ, ಅಟ್ಟದ್ ಮೇಲಿನ್ ಸಾಮಾನಿಗೆ ತುಳೀತೀಯ. ಬಾ, ಒಳಗ್ ಬಾ. ಇದು ಗ್ರಾನೈಟು. ಇದ್ರ ಮೇಲೆ ನೀನು ಯಾವ ಆಣೆನೂ ಆಕಿಲ್ಲ. ಅವ್ವನ ಫೋಟೋ ಅಲ್ಲೇ ಐತೆ, ನೋಡ್ಕಂಡು ಓಗು."

ಲಕ್ಕಣ್ಣ ಒಂದು ಪಕ್ಕಕ್ಕೆ ಸರಿದ. ಅವನ ಹಿಂದೆ ನಡುಮನೆಯ ಗೋಡೆಯ ಮೇಲೆ ಹಾರ ಹಾಕಿದ ಸೊಣ್ಣಮ್ಮನ ಫೋಟೋ ಅಂಗಳಕ್ಕೇ ಕಾಣುತ್ತಿತ್ತು. ಅನಂತರಾಜುವಿಗೆ ಉಳಿಯ ಮೊನೆಯಿಂದ ತಾನು ಕೆದಕಿ ತೆಗೆದ ಅರಗಿನ ಚೂರುಗಳು ನೆನಪಾದವು. ಒಂದರಡಿ ಒಂದು ಎಷ್ಟೋ ಪದರ, ಎಲ್ಲವನ್ನೂ ಬೈಯುತ್ತಾ ಬೈಯುತ್ತಾ ಗುಡಿಸಿ ಕಸದ ಗಾಡಿಗೆ ಹಾಕಿದ್ದ. ನಾಚಿಕೆಯಿಂದ ಅವನ ಕಿವಿ ಕಾದುಹೋಯಿತು.

"ಎಲ್ಲ ವ್ಯಾನ್ ಹತ್ತಿ. ಮುಂದಿನ ಜಾಗಕ್ಕೆ ಲೇಟಾಯ್ತು" ಅಂದ. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

ಯಾರೂ ಕದಲಲಿಲ್ಲ. ರಮ್ಯ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದಳು: "ಸಾರ್, ಇದೇ ಕೊನೇ ಜಾಗ. ನೀವೇ ಹಂಗೆ ಪ್ಲಾನ್ ಮಾಡಿದ್ದು."

ಅನಂತರಾಜು ತಲೆ ತಗ್ಗಿಸಿ ಕಾಲು ನೋಡಿಕೊಂಡ. ಬೆಳಗ್ಗೆ ಸ್ಟೂಲು ಹತ್ತಿದ ಅದೇ ಚಪ್ಪಲಿ ಕಾಲಲ್ಲಿತ್ತು. ಅದನ್ನು ಬಿಟ್ಟು ನಾಲ್ಕು ಹೆಜ್ಜೆ ಇಟ್ಟಿದ್ದರೆ ಒಳಗೆ ಹೋಗಬಹುದಿತ್ತು, ತಡೆಯುವ ಆಣೆಯೂ ಈಗ ಉಳಿದಿರಲಿಲ್ಲ. ಲಕ್ಕಣ್ಣ ಬಾಗಿಲು ಬಿಟ್ಟುಕೊಟ್ಟು ಕಾಯುತ್ತಲೇ ಇದ್ದ. ದೊಡ್ಡಮ್ಮ ಕರೆದಾಗ ಏಳದ ಕಾಲು ಆಗಲೂ ಏಳಲಿಲ್ಲ.